ನಮ್ಮ ರಾಣಿ ತೀರಿಕೊಂಡ ಮೇಲೆ

ನನಗೆ ಇಬ್ಬರು ಹೆಂಡಿರು. ಒಬ್ಬಳನ್ನು ಮಧುಗಿರಿಯಿಂದ ಧಾರೆ ಎರೆಸಿಕೊಂಡು ತಂದೆ. ಇನ್ನೊಬ್ಬನನ್ನು ಶಿರಾದ ಮಸೀದಿ ಬೀದಿಯ ಹೊಲಿಗೆ ಅಂಗಡಿಯಿಂದ ನಮ್ಮ ಹಾರ್ಮೋನಿಯಂ ಮೇಷ್ಟ್ರು ಎಬ್ಬಿಸಿಕೊಂಡು ಬಂದು ಜೋಡಿ ಮಾಡಿದರು. ಮೊದಲನೆಯವಳ ಹತ್ತಿರ ನಾನು ಸಾರಿಗೆ ಉಪ್ಪು ಕಡಿಮೆಯಾಯಿತು ಎಂಬುದಕ್ಕಿಂತ ಹೆಚ್ಚಿನದೇನನ್ನೂ ಮಾತಾಡಿದವನಲ್ಲ. ಎರಡನೆಯವನನ್ನು ಮಾತ್ರ ಪ್ರತಿವರ್ಷ ಸಂಕ್ರಾಂತಿಯಿಂದ ಯುಗಾದಿಯವರೆಗೆ, ಊರೂರಿನ ಜನರ ಮುಂದೆ, ನನ್ನ ಪ್ರಾಣವೇ, ನನ್ನ ಬಾಳಿನ ಬೆಳಕೇ ಎಂದು ಕರೆದೆ. ಇದನ್ನು ನನ್ನ ಹೆಂಡತಿ ಇವತ್ತಿಗೂ ಮರೆತಿಲ್ಲ.

ಐವತ್ತರ ದಶಕದ ಮಾತು ಇದು. ಕಡ್ಲೆಕಾಯಿ ಕಿತ್ತು ಮಾರಿದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೆ ನಾಟಕದ ಹುಚ್ಚು ಹಿಡಿಯುತ್ತಿತ್ತು. ಮೇಷ್ಟ್ರೊಬ್ಬರು ಹಾರ್ಮೋನಿಯಂ ಹೊತ್ತು ಬಂದು, ಹಳ್ಳಿಯಲ್ಲೇ ಬೀಡುಬಿಟ್ಟು, ಹೊಲ ಗೇಯುವವರಿಗೆ ಪಾರ್ಟು ಕಲಿಸುತ್ತಿದ್ದರು. ರಾಜರಿಗೆ ಬರವಿರಲಿಲ್ಲ. ಮೀಸೆಯಿದ್ದವರೆಲ್ಲ ರಾಜರೇ. ತೊಂದರೆಯಿದ್ದದ್ದು ರಾಣಿಗೆ. ಹೆಂಗಸರು ರಂಗ ಹತ್ತುತ್ತಿರಲಿಲ್ಲ, ಗಂಡಸರಿಗೆ ಸೀರೆ ಉಟ್ಟು ನಿಲ್ಲಲು ನಾಚಿಕೆ. ಹೀಗಾಗಿ ಶಿರಾ, ಗೌಡಗೆರೆ, ಕೊರಟಗೆರೆ, ಪಾವಗಡ, ಎಲ್ಲಿ ನಾಟಕವಾದರೂ ರಾಣಿ ಒಬ್ಬನೇ, ನಮ್ಮ ಟೈಲರ್ ಸಾಬರು. ರಾಜ ಮಾತ್ರ ಊರಿಗೊಬ್ಬ.

ಶಿರಾದ ರಾಜ ನಾನು. ಹೇಗಾದೆ ಎಂದು ಕೇಳಿದರೆ ಹೇಳುವುದಕ್ಕೆ ಸಂಕೋಚ. ಕಡ್ಲೆಕಾಯಿ ಮಂಡಿಯಲ್ಲಿ ತೂಕ ಕೂಗುವುದು ನನ್ನ ಕೆಲಸ. ತಕ್ಕಡಿಗೆ ಮೂಟೆ ಏರಿದಂತೆ, ಒಂದು ಎನ್ನುವ ಬದಲು ಲಾಭ ಎಂದು ಹಿಡಿದು, ‘ಲಾಭ, ಎರಡೂ, ಮೂರೂ’ ಎಂದು ಕೂಗಬೇಕು, ಒಳಗೆ ಕೂತ ಸಾಹುಕಾರರಿಗೂ ಕೇಳಬೇಕು, ಹೊರಗೆ ಗಾಡಿ ಹೊಡೆಯುವವನಿಗೂ ಕೇಳಬೇಕು. ಒಂದು ದಿನ ಮೇಷ್ಟ್ರು ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಕೂಗು ಕೇಳಿ ಬಸ್ಸು ಬಿಟ್ಟು ಮಂಡಿಗೆ ಬಂದರು. ಇಷ್ಟು ಗಂಟಲಿರುವವನು ತೂಕ ಕೂಗಿಕೊಂಡು ಇರಬಾರದು ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ಆಮೇಲೆ ತಾಲೀಮಿನಲ್ಲಿ ಅವರು ತಲೆ ಚಚ್ಚಿಕೊಂಡದ್ದು ಬೇರೆ ವಿಷಯ. ರಾಣಿಗೆ ಹೇಳುವ ಒಲವಿನ ಮಾತನ್ನು ನಾನು ಮೂಟೆ ಎಣಿಸುವ ಹಾಗೆ ಹೇಳುತ್ತೇನಂತೆ.

ಟೈಲರ್ ಸಾಬರು ನನಗಿಂತ ಸ್ವಲ್ಪ ದೊಡ್ಡವರು. ಒಣಕಲು ದೇಹ, ಕಿವಿಯ ಮೇಲೆ ಯಾವಾಗಲೂ ಸೀಮೆಸುಣ್ಣದ ತುಂಡು. ಅಂಗಡಿಯಲ್ಲಿ ಅವರ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಅಳತೆ ತೆಗೆದುಕೊಳ್ಳುವಾಗಲೂ ಕೈ ಎತ್ತು ಎನ್ನದೆ ನಮ್ಮ ಕೈಯನ್ನು ತಾವೇ ಎತ್ತುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಗೋಷಾ ಇದ್ದ ಮನೆ ಅದು. ಅವರ ಮನೆಯಾಕೆಯ ಬಳೆಯ ಸದ್ದು ಕೇಳಿದ್ದೆವೇ ಹೊರತು ಮುಖ ಕಂಡಿರಲಿಲ್ಲ. ಆಕೆಯೂ ಗಂಡನ ನಾಟಕ ಕಂಡಿರಲಿಲ್ಲ. ಬೀದಿಯ ಹಿರಿಯರಿಗೆ ಈ ಸೀರೆ ಉಡುವ ಕಸುಬು ಹಿಡಿಸುತ್ತಿರಲಿಲ್ಲ. ಅದಕ್ಕೆ ಸಾಬರು ನಾಟಕವನ್ನು ಹೊಸಿಲಾಚೆಯೇ ಬಿಟ್ಟು ಒಳಗೆ ಹೋಗುತ್ತಿದ್ದರು. ವೇಷದಲ್ಲಿ ಒಂದು ಫೋಟೋ ಕೂಡ ತೆಗೆಸಿಕೊಳ್ಳಲಿಲ್ಲ. ಮನೆಯಾಕೆಗೆ ವಿಷಯ ಗೊತ್ತಿತ್ತು. ನೆಂಟರ ಮನೆಗೆ ಹೋದಲ್ಲಿ, ಮದುವೆಗೆ ಹೋದಲ್ಲಿ, ನಿನ್ನ ಗಂಡನ ಗಂಡ ಈ ವರ್ಷ ಯಾರೇ ಎಂದು ಹೆಂಗಸರು ಕಾಡಿಸುತ್ತಿದ್ದರಂತೆ. ಅಷ್ಟು ಕಾಡಿಸಿಕೊಂಡವಳಿಗೆ ನೋಡುವ ಭಾಗ್ಯ ಇರಲಿಲ್ಲ.

ಆ ಭಾಗ್ಯ ನಮಗೆ ಇತ್ತಲ್ಲ, ನಾವು ನೋಡಿದೆವೇ? ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮ ನಾಟಕದಲ್ಲಿ ಸಭೆಗೆ ಬೆನ್ನು ತೋರಿಸುವುದು ಮಹಾಪರಾಧ. ಮೈಕು ಬಂದ ಮೇಲಂತೂ ಮುಗಿಯಿತು. ರಂಗದ ಮುಂದೆ, ಜನರ ತಲೆಯ ಮೇಲೆ, ಹಗ್ಗದಲ್ಲಿ ಅದನ್ನು ನೇತುಹಾಕುತ್ತಿದ್ದರು. ರಾಜನೂ ರಾಣಿಯೂ ಪಕ್ಕಪಕ್ಕ ನಿಂತು, ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಆ ಮೈಕಿಗೆ ಹೇಳಬೇಕು. ರಾಜ್ಯ ಕಳೆದುಕೊಂಡ ಮೇಲೆ ನಾನು ರಾಣಿಯನ್ನು ಕಾಡಿಗೆ ಬರಬೇಡವೆಂದು ಬೇಡಿಕೊಂಡದ್ದು ಮುಂದಿನ ಸಾಲಿನಲ್ಲಿ ಕೂತ ಪಟೇಲರನ್ನು ನೋಡಿಕೊಂಡು. ನಾನು ಬರದೆ ಇರಲಾರೆ ಎಂದು ರಾಣಿ ಹೇಳುವಾಗ ನಾನು ಜನರಲ್ಲಿ ಯಾರು ಯಾರು ನನ್ನನ್ನು ನೋಡುತ್ತಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಜನ ಅಳುತ್ತಿದ್ದರು. ನನ್ನನ್ನು ನೋಡಿಯೇ ಅಳುತ್ತಾರೆ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

ಅರವತ್ತರ ದಶಕ ಶುರುವಾದ ಮೇಲೆ ಒಂದು ಚಳಿಗಾಲ ಸಾಬರಿಗೆ ಎದೆ ಕಟ್ಟಿತು. ಕೆಮ್ಮು ಎಂದುಕೊಂಡರು. ಒಂದು ಬೆಳಗ್ಗೆ ಮಂಡಿಯಲ್ಲಿ ತೂಕ ನಡೆಯುತ್ತಿದ್ದಾಗ ಹಮಾಲಿಯೊಬ್ಬ ಬಂದು ಟೈಲರ್ ಸಾಬರು ಹೋಗಿಬಿಟ್ಟರು ಎಂದ. ನಾನು ಅಲ್ಲೇ ಮೂಟೆಯ ಮೇಲೆ ಕೂತು ಗೋಳೋ ಎಂದು ಅತ್ತೆ. ದುಃಖ ನಿಜವೇ. ಆದರೆ ಅಳುವುದೂ ನನಗೆ ಆ ಗಂಟಲಲ್ಲೇ ಬರುವುದು, ಏನು ಮಾಡಲಿ. ನನ್ನ ರಾಣಿ ಹೋದಳು ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿ, ನನ್ನ ಹೆಂಡತಿ ತೀರಿಕೊಂಡಳೆಂದು ಸುದ್ದಿ ಹಬ್ಬಿ ನಮ್ಮ ಮನೆಗೆ ಜನ ಬಂದರು. ಆಕೆ ಬಾಗಿಲಲ್ಲಿ ಮೊರ ಹಿಡಿದು ಕೂತಿದ್ದಳು. ಬಂದವರಿಗೆಲ್ಲ ಸತ್ತಿರುವುದು ನಾನಲ್ಲ, ಇನ್ನೊಬ್ಬಳು ಎಂದು ಹೇಳಿ ಕಳಿಸಿದಳಂತೆ.

ಮಣ್ಣಿಗೆ ಎಲ್ಲ ಊರಿನ ರಾಜರೂ ಬಂದರು. ಗೌಡಗೆರೆಯ ರಾಜ ಬಂದ, ಹೊಲ ಉಳುವ ದೈತ್ಯ. ಕೊರಟಗೆರೆಯ ರಾಜ ತಾಲ್ಲೂಕು ಕಚೇರಿಯ ಗುಮಾಸ್ತ, ರಜ ಹಾಕಿ ಬಂದ. ಪಾವಗಡದ ರಾಜ ತೆಲುಗಿನಲ್ಲಿ ಅತ್ತುಕೊಂಡು ಬಂದ. ಹಿಡಿ ಹಿಡಿ ಮಣ್ಣು ಹಾಕಿ ಹೊರಗೆ ಬಂದು, ಟೀ ಅಂಗಡಿಯಲ್ಲಿ ಕೂತೆವು. ಅಲ್ಲಿ ನಮಗೆ ಜಗಳ ಹತ್ತಿತು. ಸಾಬರ ನಿಜವಾದ ರಾಜ ಯಾರು ಎಂಬುದು ಜಗಳ. ಗೌಡಗೆರೆಯವನು ಎಲ್ಲರಿಗಿಂತ ಮೊದಲು ಜೊತೆಗೆ ನಿಂತವನು ತಾನು ಎಂದ. ಗುಮಾಸ್ತ ತನ್ನ ಉಚ್ಚಾರಣೆಯನ್ನು ಸಾಬರು ಮೆಚ್ಚಿದ್ದರು ಎಂದ. ಸಾಬರು ನನ್ನ ಊರಿನವರು, ದಿನಾ ಮುಖ ನೋಡುತ್ತಿದ್ದವನು ನಾನು ಎಂದೆ ನಾನು. ಟೀ ಅಂಗಡಿಯವನು ಬೆಂಚು ಖಾಲಿ ಮಾಡಿ ಎಂದ ಮೇಲೆ ಎದ್ದೆವು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಮಂಡಿಯ ಅಂಗಳದಲ್ಲಿ ಒಂದು ಸಂತಾಪ ಸಭೆ ಇಡಿಸಿದೆ. ಸಾಹುಕಾರರು ಜಮಖಾನ ಕೊಟ್ಟರು. ಮುಖ್ಯ ಭಾಷಣ ನನ್ನದು. ಸಾಬರನ್ನು ಮೊದಲು ಕಂಡದ್ದು, ಆ ದಿನ ನಾನು ಧರಿಸಿದ್ದ ಕಿರೀಟ, ಆ ಕಿರೀಟ ಜಾರಿದರೂ ನಾನು ಅದನ್ನು ನಿಭಾಯಿಸಿದ ಬಗೆ, ಅದಕ್ಕೆ ಜನ ಚಪ್ಪಾಳೆ ತಟ್ಟಿದ್ದು, ಮತ್ತೆ ನನ್ನ ಕತ್ತಿವರಸೆ, ಹೀಗೆ ಬಿಸಿಲು ಏರುವ ತನಕ ಮಾತಾಡಿದೆ. ಸಾಬರ ಆತ್ಮಕ್ಕೆ ಶಾಂತಿ ಕೋರಿ ಕೂತೆ. ಚೆನ್ನಾಗಿತ್ತಾ ಎಂದು ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಹೆಂಗಸರ ಕಡೆ ಕೂತು ಕೇಳಿದ್ದಳು.

“ನಿಮ್ಮ ತಿಥಿ ಚೆನ್ನಾಗಾಯ್ತು. ಸಾಬರದ್ದು ಯಾವಾಗ ಮಾಡ್ತೀರಾ?” ಎಂದಳು.

ಇವಳಿಗೆ ಕಲೆಯ ಗಂಧಗಾಳಿ ಇಲ್ಲ ಎಂದುಕೊಂಡು ಮಲಗಿದೆ.

ವರ್ಷ ತುಂಬುವ ಹೊತ್ತಿಗೆ ಸಾಬರ ಮಗ ಮಂಡಿಗೆ ಬಂದ. ಅಪ್ಪನ ಮಿಷನ್ನು ತುಳಿಯುತ್ತಿದ್ದವನು ಈಗ ಅವನೇ. ವರ್ಷದ ಫಾತೆಹಾ ಓದಿಸುತ್ತಿದ್ದೇವೆ, ನೀವೂ ಅಪ್ಪನ ಜೊತೆಗಾರರೆಲ್ಲರೂ ಬರಬೇಕು ಎಂದ. ಹೇಳಿ ಮುಗಿಸಿಯೂ ಹೋಗದೆ ನಿಂತಿದ್ದ. ಏನು ಎಂದೆ. ಅವನು ದನಿ ತಗ್ಗಿಸಿದ.

“ಅಮ್ಮೀಗೆ ಒಂದು ಆಸೆ ಐತೆ ಕಾಕಾ. ಅಬ್ಬಾ ನಾಟಕದಾಗೆ ಹೆಂಗಿರ್ತಿದ್ರು ಅಂತ ಒಂದ್ಸಲ ನೋಡ್ಬೇಕಂತೆ. ವರ್ಷದಿಂದ ಅದೊಂದೇ ಮಾತು. ನೀವು ನಾಕು ಜನ ಸೇರಿದ್ರೆ ಮಾಡಿ ತೋರ್ಸಬೌದಲ್ವಾ ಅಂತ ಕೇಳವ್ರೆ.”

ಇನ್ನೊಬ್ಬನಾಗಿದ್ದರೆ ಯೋಚಿಸುತ್ತಿದ್ದ. ನಾನು ಎದೆ ತಟ್ಟಿ ಒಪ್ಪಿಕೊಂಡೆ. ಸಾಬರನ್ನು ನಾನಲ್ಲದೆ ಇನ್ಯಾರು ತೋರಿಸಬೇಕು, ಆಕೆ ನೋಡಿ ಕಣ್ಣು ತಂಪು ಮಾಡಿಕೊಳ್ಳಲಿ ಎಂದೆ. ಹುಡುಗನ ಮುಖ ಅರಳಿತು. ಅವತ್ತೇ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಎಲ್ಲ ರಾಜರಿಗೂ ಹೇಳಿ ಕಳಿಸಿದೆ.

ಫಾತೆಹಾದ ದಿನ ಹೊಲಿಗೆ ಅಂಗಡಿಯಲ್ಲಿ ಮಿಷನ್ನನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಓದುವುದು ಮುಗಿಯಿತು, ಲೋಬಾನದ ಹೊಗೆ ಇನ್ನೂ ಮೂಲೆಯಲ್ಲಿತ್ತು. ಖುಷ್ಕಾ, ದಾಲ್ಚ, ಸಿಹಿಯನ್ನ ಬಡಿಸಿದರು. ಗೌಡಗೆರೆಯ ರಾಜ ಮೂರು ಸಲ ಬಡಿಸಿಕೊಂಡ. ಬೀದಿಯ ಹಿರಿಯರು ಉಂಡು ಹೋದ ಮೇಲೆ ನಾವು ರಾಜರು ಮಾತ್ರ ಉಳಿದೆವು, ಮನೆಯ ಮಕ್ಕಳು ಉಳಿದವು. ಪರದೆಯ ಹಿಂದೆ ಬಳೆ ಸದ್ದಾಯಿತು. ಆಕೆ ಬಂದು ಕೂತಳೆಂದು ಗೊತ್ತಾಯಿತು.

“ಶುರು ಮಾಡಿ ಭಾಯ್” ಎಂದಳು. ಅದು ನಾವು ಕೇಳಿದ ಆಕೆಯ ಮೊದಲ ಮಾತು.

ಹಿರಿಯ ಎಂದು ಗೌಡಗೆರೆಯವನು ಎದ್ದ. ಪಂಚೆ ಬಿಗಿದ. ರಾಜ್ಯ ಕಳೆದುಕೊಂಡು ಬಂದ ರಾಜನ ಮಾತನ್ನು ಸೂರು ಹಾರಿಹೋಗುವ ಹಾಗೆ ಹೇಳಿದ. ಹೇಳಿ, ಪಕ್ಕಕ್ಕೆ ಕೈ ಚಾಚಿ ನಿಂತ. ಅಲ್ಲಿ ರಾಣಿ ಮಾತಾಡಬೇಕು. ಅವನು ತಲೆ ಕೆರೆದುಕೊಂಡ. ಇಲ್ಲಿ ಅವನು ಏನೋ ಅಂತಿದ್ದ ಕಣಮ್ಮ, ಒಳ್ಳೆ ಮಾತು, ಜನ ಅಳೋರು ಎಂದು ವಿವರಿಸಿ, ತನ್ನ ಮುಂದಿನ ಮಾತನ್ನು ಇನ್ನೂ ಜೋರಾಗಿ ಶುರು ಮಾಡಿದ.

ಗುಮಾಸ್ತನದೂ ಅದೇ ಪಾಡು, ಉಚ್ಚಾರಣೆ ಮಾತ್ರ ಶುದ್ಧ. ಪಾವಗಡದವನು ತನ್ನ ಹಾಡು ಹಾಡಿದ, ರಾಣಿಯ ಹಾಡು ಬಂದಾಗ ನಿಂತುಬಿಟ್ಟ. “ಈಯಪ್ಪ ಏದೋ ಒಂದು ಪಾಟ ಹಾಡೋನಬ್ಬಾ, ಜನ ಎಲ್ಲಾ ಏಡ್ಚಿ ಅಳೋರು” ಎಂದು ತನಗೇ ಹೇಳಿಕೊಂಡ. ನನಗೆ ಒಳಗೊಳಗೆ ಖುಷಿ. ನಾನೆದ್ದು ನನ್ನ ಮಾತನ್ನೆಲ್ಲ ಹೇಳಿದೆ. ರಾಣಿಯ ಮಾತು ಬರುವ ಕಡೆ ನನ್ನ ಬಾಯಿಯೂ ಕಟ್ಟಿಹೋಯಿತು. ನನಗೆ ಬರುತ್ತಿದ್ದುದು ರಾಣಿಯ ಪ್ರತಿ ಮಾತಿನ ಕೊನೆಯ ಪದ ಮಾತ್ರ. ಅದನ್ನು ಹಿಡಿದುಕೊಂಡು ತಾನೇ ನಾವು ನಮ್ಮ ಮಾತು ಶುರು ಮಾಡುತ್ತಿದ್ದದ್ದು. ನಾಲ್ಕು ಜನ ರಾಜರು ತಲೆಗೆ ತಲೆ ಕೊಟ್ಟು ಕೂತು ನೆನಪು ಕೆದಕಿದೆವು. ‘ನಾಥಾ’, ‘ಅಲ್ಲವೇ’, ‘ಹೊರಡೋಣ’. ವರ್ಷಗಟ್ಟಲೆ ಜೊತೆಗಿದ್ದವನಿಂದ ನಮ್ಮಲ್ಲಿ ಉಳಿದದ್ದು ಇಷ್ಟು.

ಪರದೆಯ ಹಿಂದಿನಿಂದ ಆಕೆ, ನಿಮ್ಮದೆಲ್ಲ ಚೆನ್ನಾಗಿತ್ತು ಎಂದಳು. ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಹುಡುಗ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದ. ಎದೆ ತಟ್ಟಿ ಒಪ್ಪಿಕೊಂಡವನು ನಾನು. ಆಕೆ ಒಂದು ವರ್ಷ ಕಾದದ್ದು ನಾಲ್ಕು ಜನ ಮೀಸೆಯವರ ಅರಚಾಟ ಕೇಳುವುದಕ್ಕಲ್ಲ. ನಾವು ಹೀಗೇ ಎದ್ದು ಹೋದರೆ ಆಕೆಗೆ ತೋರಿಸುವವರು ಭೂಮಿಯ ಮೇಲೆ ಇನ್ನಾರೂ ಇಲ್ಲ.

ಆಗ ನನಗೊಂದು ನೆನಪಾಯಿತು. ಬುಕ್ಕಾಪಟ್ಟಣದಲ್ಲಿ ಒಮ್ಮೆ ನಡುನಾಟಕದಲ್ಲಿ ಮೈಕು ಕೆಟ್ಟಿತ್ತು. ಮೈಕೇ ಇಲ್ಲದ ಮೇಲೆ ಎಲ್ಲಿ ನೋಡುವುದೆಂದು ತಿಳಿಯದೆ, ಒಂದು ಗಳಿಗೆ ನಾನು ರಾಣಿಯ ಕಡೆ ತಿರುಗಿದ್ದೆ. ರಾಜ್ಯ ಹೋಯಿತು ಎಂದು ನಾನು ಹೇಳಿ ಆಗಿತ್ತು. ಸಾಬರಿಗೆ ಅಲ್ಲಿ ಮಾತಿಲ್ಲ, ಮೇಷ್ಟ್ರೂ ಏನೂ ಕಲಿಸಿರಲಿಲ್ಲ. ಆದರೂ ಅವರು ಏನೋ ಮಾಡಿದ್ದರು. ಜನ ಅತ್ತದ್ದು ಅದಕ್ಕೆ ಎಂದು ಈಗ, ಹೊಟ್ಟೆ ತುಂಬ ಖುಷ್ಕಾ ತಿಂದು ಕೂತಾಗ, ನನಗೆ ಹೊಳೆಯಿತು.

ಮೊಳೆಗೆ ನೇತುಹಾಕಿದ್ದ ಯಾರದೋ ಶಾಲನ್ನು ತೆಗೆದು ತಲೆಯ ಮೇಲೆ ಸೆರಗಿನಂತೆ ಹೊದ್ದೆ. ಮಕ್ಕಳು ಅಷ್ಟಕ್ಕೇ ಕಿಸಕ್ಕೆಂದವು. ಗುಮಾಸ್ತನಿಗೆ ನೀನು ರಾಜನಾಗು ಎಂದೆ. ಅವನು ರಾಜ್ಯ ಹೋಯಿತು ಎಂದ. ಅಂದು ಸಾಬರು ಮಾಡಿದ್ದನ್ನೇ ನಾನು ಮಾಡಹೊರಟೆ. ಬಲಗೈಯ ಮುಂಗೈಯಿಂದ ಹಣೆ ಒರೆಸಿಕೊಂಡೆ. ಮೂಗಿನಲ್ಲೇ ಒಂದು ಸಣ್ಣ ಉಸಿರು ಬಿಟ್ಟೆ, ಇದು ಹೊಸದೇನಲ್ಲ ಎಂಬ ಹಾಗೆ. ಶಾಲಿನ ತುದಿ ಹಿಡಿದು ಸೊಂಟಕ್ಕೆ ಸಿಕ್ಕಿಸಲು ಹೋದೆ. ಸೊಂಟ ಎಲ್ಲಿದೆ ನನಗೆ? ಹೊಟ್ಟೆಯ ಮೇಲಿಂದ ಅದು ಜಾರಿ ಜಾರಿ ಬೀಳುತ್ತಿತ್ತು. ಮಕ್ಕಳು ಉರುಳಾಡಿ ನಕ್ಕವು. ಗೌಡಗೆರೆಯವನು ತನ್ನ ಟವೆಲನ್ನು ಬಾಯಿಗಿಟ್ಟುಕೊಂಡು ನಕ್ಕ. ನಾನು ಬಿಡದೆ ಮೊದಲಿಂದ ಶುರು ಮಾಡಿದೆ, ಮತ್ತೂ ಕೆಟ್ಟದಾಯಿತು.

ಪರದೆ ಸರಿಯಿತು. ಆಕೆ ಹೊರಗೆ ಬಂದಳು. ತಲೆ ನರೆತ, ತೆಳ್ಳನೆಯ ಹೆಂಗಸು. ನಮಗೆ ಏಳಬೇಕೋ ತಲೆ ತಗ್ಗಿಸಬೇಕೋ ತಿಳಿಯಲಿಲ್ಲ.

“ಸಾಕು ಬುಡಿ ಭಾಯ್. ಸತ್ತೋರ ಮನೇಲಿ ಮಕ್ಳು ನಗೋ ಹಂಗಾಯ್ತು” ಎಂದಳು. ಕೋಪಕ್ಕಿಂತ ಬೇಸರವೇ ಹೆಚ್ಚಾಗಿತ್ತು ಆ ದನಿಯಲ್ಲಿ. ಅಂಗಡಿಯನ್ನೆಲ್ಲ ಒಮ್ಮೆ ನೋಡಿದಳು. ಎಂಜಲು ತಟ್ಟೆಗಳು, ಚೆಲ್ಲಿದ ಅನ್ನ, ಮುದುಡಿದ ಚಾಪೆ, ಶಾಲು ಹೊದ್ದು ನಿಂತ ನಾನು. ಎಡಗೈಯ ಮುಂಗೈಯಿಂದ ಹಣೆ ಒರೆಸಿಕೊಂಡಳು. ಮೂಗಿನಲ್ಲೇ ಸಣ್ಣಗೆ ಉಸಿರುಬಿಟ್ಟಳು. ಸೆರಗಿನ ತುದಿಯನ್ನು ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡು ತಟ್ಟೆ ಎತ್ತಲು ಬಗ್ಗಿದಳು.

ಗೌಡಗೆರೆಯವನ ನಗು ನಿಂತುಹೋಯಿತು. “ಅವನೇ ಕಣ್ಲಾ” ಎಂದ, ನನ್ನ ಕಡೆ ನೋಡದೆ. ಪಾವಗಡದವನು ಕಣ್ಣಿಗೆ ಕೈ ಅಡ್ಡ ಹಿಡಿದ. ಅವರೆಲ್ಲರಿಗೂ ಎಂದೋ ಎಲ್ಲೋ ಓರೆಗಣ್ಣಿಗೆ ಬಿದ್ದಿದ್ದದ್ದು ಈಗ ಎದುರಿಗೆ ಬಂದು ನಿಂತಿತ್ತು.

ಆಕೆ ಬಗ್ಗಿದವಳು ಹಾಗೇ ತಲೆಯೆತ್ತಿದಳು. ಏನು ಎಂದಳು. ಕೊನೆಗೆ ನಾನೇ ಹೇಳಬೇಕಾಯಿತು. ಸಾಬರು ರಂಗದ ಮೇಲೆ ಏನು ಮಾಡುತ್ತಿದ್ದರು ಎಂದು ಕೇಳಿದಿರಲ್ಲಮ್ಮ, ಈಗ ನೀವು ಮಾಡಿದಿರಲ್ಲ, ಅದನ್ನೇ ಮಾಡುತ್ತಿದ್ದರು ಎಂದೆ. ಜನ ಅದಕ್ಕೇ ಅಳುತ್ತಿದ್ದರು ಎಂದೂ ಹೇಳಿದೆ. ಎಷ್ಟೋ ವರ್ಷಗಳ ಮೇಲೆ ಮೂಟೆ ಎಣಿಸದೆ ಆಡಿದ ಮಾತು ಅದೊಂದೇ ಇರಬೇಕು.

ಆಕೆಗೆ ಮೊದಲು ತಿಳಿಯಲಿಲ್ಲ. ತನ್ನ ಕೈಯನ್ನು ನೋಡಿಕೊಂಡಳು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ತಟ್ಟೆ ಕೆಳಗಿಟ್ಟು ಗೋಡೆಗೆ ಸರಿಸಿದ್ದ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಮನೇಲಿದ್ದಾಗ ಮಿಷನ್ ಮ್ಯಾಲಿಂದ ತಲೆ ಎತ್ತುತಿರಲಿಲ್ಲ ಭಾಯ್. ಊಟಕ್ಕಿಟ್ರೆ ತಟ್ಟೆ ನೋಡ್ಕಂಡು ಉಣ್ಣೋರು. ನನ್ನ ಮುಖ ಹೆಂಗೈತೆ ಅಂತ್ಲೂ ಈ ಮನುಷ್ಯಂಗೆ ಗೊತ್ತಿಲ್ಲ ಅನ್ಕಂಡೇ ಬಾಳ್ವೆ ಮಾಡ್ದೆ.”

ಮಗ ಎದ್ದು ಬಂದು ಆಕೆಯ ಹತ್ತಿರ ನಿಂತ. ನನ್ನ ತಲೆಯ ಮೇಲಿನ ಶಾಲು ಇನ್ನೂ ಹಾಗೇ ಇತ್ತು, ತೆಗೆಯಲು ಹೋದೆ. ಆಕೆ ಬೇಡವೆಂದು ಕೈ ಮಾಡಿದಳು.

“ಇನ್ನೊಂದ್ಸಲ ಮಾಡಿ ಭಾಯ್” ಎಂದಳು. “ಬಲಗೈಲಲ್ಲ. ಎಡಗೈಲಿ.”

ನಾನು ಎಡಗೈಯಲ್ಲಿ ಮಾಡಿದೆ. ಆಗಲೂ ಚೆನ್ನಾಗಿ ಬರಲಿಲ್ಲ. ಆಕೆ ಕಣ್ಣು ಒರೆಸಿಕೊಳ್ಳದೆ ನೋಡುತ್ತಾ ಕೂತಿದ್ದಳು.